ದೊಡ್ಡಮ್ಮನ ಮೂಗು, ಮೊಳೆ ಹೊಡೆದ ಕಿಟಕಿ

ದೊಡ್ಡಮ್ಮನ ಮೂಗಿಗೆ ಹೆದರದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ದೊಡ್ಡಪ್ಪ ಸಂಜೆ ಹೊಸ್ತಿಲಿಗೆ ಬಂದರೆ, ಆಕೆ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬರುತ್ತಿದ್ದಳು.

"ಊದಿ, ನೋಡೋಣ."

ದೊಡ್ಡಪ್ಪ ಊದುತ್ತಿದ್ದರು.

"ಸರಿ, ಒಳಗೆ ಬನ್ನಿ."

ಹಿಂದೊಮ್ಮೆ ಅವರು ಕುಡಿದು ಸಿಕ್ಕಿಬಿದ್ದ ಮೇಲೆ ಶುರುವಾದ ತಪಾಸಣೆ ಇದು.

ಬಟ್ಟೆಯ ಕಲೆ ತೆಗೆಯುವುದರಲ್ಲೂ ದೊಡ್ಡಮ್ಮನದು ಎತ್ತಿದ ಕೈ. ಹೆಸರಿಲ್ಲದ ಬಾಟಲಿಯೊಂದರ ದ್ರವದಲ್ಲಿ ಹತ್ತಿ ಅದ್ದಿ ರೇಷ್ಮೆಯ ಮೇಲೆ ಮೆಲ್ಲಗೆ ಒತ್ತಿದರೆ, ಎಣ್ಣೆಯ ಕಲೆ ಬೆಳಗಿನ ಮಂಜಿನಂತೆ ಸದ್ದಿಲ್ಲದೆ ಕರಗುತ್ತಿತ್ತು. ಬೀದಿಯ ಧೂಳು ಬೀಳಬಾರದೆಂದು ಹೊಲಿಗೆ ಕೋಣೆಯ ಕಿಟಕಿಗೆ ಮೊಳೆ ಹೊಡೆಸಿದ್ದಳು.

ಆಮೇಲೆ ಆಕೆಗೆ ಊಟ ಸೇರದಾಯಿತು. ಮೈಯೆಲ್ಲ ಸುಸ್ತು, ಕಣ್ಣಲ್ಲಿ ಹಳದಿ. ರಕ್ತ ಪರೀಕ್ಷೆ ನೋಡಿ ಡಾಕ್ಟರು ಕೇಳಿದರು: "ಲಿವರ್‌ಗೆ ಪೆಟ್ಟಾಗಿದೆ. ಕುಡಿಯೋ ಅಭ್ಯಾಸ ಇದೆಯಾಮ್ಮಾ?"

"ನಾನಾ? ಕುಡಿಯೋದಾ?" ಆ ದನಿಗೆ ಹೊರಗೆ ಕೂತಿದ್ದ ರೋಗಿಗಳು ಎದ್ದು ನಿಂತರು.

ದೊಡ್ಡಪ್ಪ ಗಂಭೀರವಾಗಿ, "ಎಲ್ಲಿ, ಒಂದ್ಸಲ ಊದು," ಎಂದರು. ಆಕೆ ನೋಡಿದ ನೋಟಕ್ಕೆ ಅವರು ಬೂದಿಯಾಗಬೇಕಿತ್ತು.

ಮನೆಯಲ್ಲಿ ಏನೇನು ಬಳಸುತ್ತೀರಿ ಎಂದು ವಿಚಾರಿಸಿದ ಡಾಕ್ಟರು ಬಾಟಲಿ ತರಿಸಿ ಮುಚ್ಚಳ ತೆಗೆದವರೇ ಮುಖ ತಿರುಗಿಸಿದರು.

"ಅಬ್ಬಾ, ಏನು ಘಾಟು!"

"ಘಾಟಾ? ವಾಸನೆಯೇ ಇಲ್ವಲ್ಲ ಡಾಕ್ಟ್ರೇ."

"ದಿನಾ ಇದರ ಮಧ್ಯೆ ಕೂತು ನಿಮ್ಮ ಮೂಗು ಸತ್ತಿದೆ. ಮೂಗಿಗೆ ತಿಳೀದಿದ್ರೂ ಆವಿ ಉಸಿರಲ್ಲಿ ಒಳಗೆ ಹೋಗತ್ತೆ, ರಕ್ತ ಸೇರತ್ತೆ. ಅದನ್ನ ತೊಳೆದು ಕಳಿಸೋ ಕೆಲಸ ಲಿವರ್‌ದು. ಪಾಪ, ಅದಕ್ಕೂ ಸಾಕಾಗಿದೆ. ಇದನ್ನ ಬಿಟ್ಟುಬಿಡಿ, ಕಿಟಕಿ ತೆಗೀರಿ. ಲಿವರ್ ಚೇತರಿಸಿಕೊಳ್ಳತ್ತೆ. ಮೂಗೂ ವಾಪಸ್ ಬರಬಹುದು."

ಕೊನೆಯ ಮಾತಿಗೆ ದೊಡ್ಡಪ್ಪನ ಮುಖ ಸಣ್ಣಗಾಯಿತು. ಹಾಲು ಸೀದು ಮನೆಯೆಲ್ಲ ನಾತ ಹೊಡೆದ ದಿನ ದೊಡ್ಡಮ್ಮ ಯಂತ್ರದಿಂದ ತಲೆ ಎತ್ತದಿದ್ದುದನ್ನು ಅವರು ಗಮನಿಸಿದ್ದರು. ಅಂದಿನಿಂದ ಅಂಗಡಿಯ ಹಿಂಬದಿಯಲ್ಲಿ ಒಂದು ಗುಟುಕು ಹಾಕಿಯೇ ಬಂದು, ನಿಶ್ಚಿಂತೆಯಿಂದ ಊದುತ್ತಿದ್ದರು.

ದೊಡ್ಡಮ್ಮ ಕೇಳುವವಳೇ? ಮನೆಗೆ ಬಂದವಳೇ ಹತ್ತಿ ಎತ್ತಿಕೊಂಡಳು. "ಇದೊಂದು ರವಿಕೆ ಮುಗಿಸಿಬಿಡ್ತೀನಿ."

ದೊಡ್ಡಪ್ಪ ಬಾಗಿಲಲ್ಲಿ ನಿಂತರು. ಸುಮ್ಮನಿದ್ದುಬಿಟ್ಟರೆ ಅವರ ಸಂಜೆಗಳಿಗೆ ತೊಂದರೆಯಿರಲಿಲ್ಲ. ಆಕೆಯ ಕಣ್ಣಿನ ಹಳದಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದ ಮನೆಯ ಬಡಗಿಯಿಂದ ಇಕ್ಕಳ ತಂದು, ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಬಾಟಲಿಯನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿದರು.

"ಧೂಳು ಬರತ್ತೆ ಕಣ್ರೀ!"

"ಬರಲಿ ಬಿಡು. ನಾನೇ ಒರೆಸ್ತೀನಿ."

ಕಣ್ಣಿನ ಹಳದಿ ನಿಧಾನವಾಗಿ ಇಳಿಯಿತು. ದೊಡ್ಡಪ್ಪ ದಿನವೂ ಧೂಳು ಒರೆಸಿದರು. ಗುಟುಕನ್ನು ಮಾತ್ರ ಬಿಡಲಿಲ್ಲ. ಒಂದು ಸಂಜೆ ಹೊಸ್ತಿಲಲ್ಲಿ ನಿಂತು ಎಂದಿನಂತೆ ಊದಿದರು. ದೊಡ್ಡಮ್ಮ ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದುಕೊಂಡಳು.

"ಎಷ್ಟು ದಿನದಿಂದ ನಡೀತಿದೆ ಇದು?"

ದೊಡ್ಡಪ್ಪನ ಕಣ್ಣು ತುಂಬಿತು. "ವಾಸನೆ ಬಂತಾ? ನಿಜವಾಗ್ಲೂ ಬಂತಾ ಕಣೇ?"

ಅಂದಿನ ಊಟ ಅವರಿಗೆ ಹೊಸ್ತಿಲಾಚೆಯೇ ಸಿಕ್ಕಿತು. ಎರಡು ಸಲ ಬಡಿಸಿಕೊಂಡು ಉಂಡರು.