ರುದ್ರಪ್ಪನವರ ಉಸಿರಿಗೆ ಸಾಲು ಮುರಿದ ಮಧು

ಮಧುಸೂದನ್ ಈ ಮಾರ್ಚಿನಲ್ಲಿ ತೀರಿಕೊಂಡ. ಮೈಸೂರಿನವನು, ಈ ಹೊರದೇಶದಲ್ಲಿ ವಾನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ ಎಂಜಿನಿಯರ್. ಬಿಡುವೆಲ್ಲ ನಮ್ಮ ಕನ್ನಡ ಕೂಟದ ನಾಟಕಕ್ಕೆ. ಎಂದೂ ಬಣ್ಣ ಹಚ್ಚಿದವನಲ್ಲ. ನಾಟಕದ ಪ್ರತಿ ಟೈಪ್ ಮಾಡುವುದು, ತಿದ್ದುವುದು, ತೆರೆಯ ಹಿಂದೆ ನಿಂತು ನಟರು ಮರೆತ ಮಾತನ್ನು ಎತ್ತಿಕೊಡುವುದು, ಇಷ್ಟೇ ಅವನ ಕೆಲಸ. ಅದರಲ್ಲಿ ಅವನು ಎಷ್ಟು ಸುಖವಾಗಿದ್ದ ಎಂಬುದನ್ನು ಬರೆದಿಡಬೇಕೆನಿಸಿದೆ.

ಹೋದ ನವೆಂಬರಿನ ನಾಟಕದಲ್ಲಿ ಸೆರೆಯಾದ ಮುದಿ ದೊರೆಯ ಪಾತ್ರ ರುದ್ರಪ್ಪನವರದು. ಗದಗಿನ ಕಡೆಯವರು, ಇಲ್ಲೇ ಹತ್ತಿರದ ಎಟೋಬಿಕೋಕ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಹೃದಯದ ಆಪರೇಷನ್ ಆದ ಮೇಲೆ ಅವರ ಉಸಿರು ಗಿಡ್ಡವಾಗಿತ್ತು. ಕೊನೆಯ ಅಂಕದ ಉದ್ದ ಮಾತಿನಲ್ಲಿ ನಡುನಡುವೆ ದಣಿದು ನಿಂತು, ಮುಂದಿನದನ್ನೇ ಮರೆತುಬಿಡುತ್ತಿದ್ದರು.

ನಿರ್ದೇಶಕಿ ಕಲಾವತಿ ಮಧುವನ್ನು ಪಕ್ಕಕ್ಕೆ ಕರೆದರು. "ಪಾಪ, ಅವ್ರಿಗೆ ತುಂಬಾ ಸ್ಟ್ರೇನ್ ಆಗ್ತಿದೆ. ಪಾರ್ಟು ಬೇರೆಯವ್ರಿಗೆ ಕೊಡೋಣ್ವಾ?"

"ಬೇಡ ಮೇಡಂ. ಪಾರ್ಟು ಹೋದ್ರೆ ಅವ್ರು ಮನೆಯಿಂದ ಆಚೆಗೇ ಬರಲ್ಲ. ಒಂದು ವಾರ ಕೊಡಿ."

ಆ ವಾರ ಅವನು ಕೆಲಸ ಮುಗಿಸಿ ನೇರ ರುದ್ರಪ್ಪನವರ ಬೇಸ್‌ಮೆಂಟಿಗೆ ಹೋಗುತ್ತಿದ್ದ. ಅವರು ಓದುವುದು, ಇವನು ಲ್ಯಾಪ್‌ಟಾಪ್ ತೆರೆದು ಕೇಳುವುದು. ಅವರ ಉಸಿರು ಮುಗಿದಲ್ಲಿ ಎಂಟರ್ ಒತ್ತಿ ಸಾಲು ಮುರಿಯುತ್ತಿದ್ದ. ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳಬೇಕು. ಹಾಗೆಯೇ ಬಾಯಿಪಾಠವೂ ಆಗಬೇಕು.

ಶನಿವಾರದ ತಾಲೀಮಿನಲ್ಲಿ ರುದ್ರಪ್ಪನವರು ಚೆನ್ನಾಗಿಯೇ ಶುರುಮಾಡಿದರು. ಮೂರನೆಯ ಸಾಲಿಗೆ ದೀಪಗಳೆಲ್ಲ ಆರಿಹೋದವು.

"ಏ ಧೀರಜಾ! ದೊರಿ ಇನ್ನಾ ಸತ್ತಿಲ್ಲಪಾ, ದೀಪಾ ಯಾಕ ಆರಸ್ತೀ?" ಕತ್ತಲಿನಿಂದ ರುದ್ರಪ್ಪನವರ ಕೂಗು ಬಂತು.

"ಸಾರಿ ಅಂಕಲ್! ನೂರಾ ಹನ್ನೆರಡಕ್ಕೆ ಲೈಟ್ ಆಫ್ ಅಂತಿದೆ. ಹೊಸ ಸ್ಕ್ರಿಪ್ಟಲ್ಲಿ ನಿಮ್ಮ ಮಾತೇ ನೂರಾ ಹನ್ನೆರಡು!" ಎಂದ ದೀಪ ನೋಡಿಕೊಳ್ಳುವ ಧೀರಜ.

ಆಗಿದ್ದು ಇಷ್ಟೇ. ನಮ್ಮ ಪ್ರತಿಯಲ್ಲಿ ಪ್ರತಿ ಸಂಭಾಷಣೆಗೂ ಕಂಪ್ಯೂಟರು ತಾನೇ ಸಂಖ್ಯೆ ಹಾಕುತ್ತದೆ. ಧೀರಜನ ದೀಪಗಳು ಆ ಸಂಖ್ಯೆಯಂತೆ ನಡೆಯುತ್ತವೆ. ಮಧು ಎಂಟರ್ ಒತ್ತಿದಾಗಲೆಲ್ಲ ಅದು ಹೊಸ ಸಂಭಾಷಣೆಯೆಂದು ತಿಳಿದು ಹೊಸ ಸಂಖ್ಯೆ ಕೊಟ್ಟಿತ್ತು. ಮುಂದಿನದೆಲ್ಲ ಕೆಳಕ್ಕೆ ಜಾರಿತ್ತು.

"ಹಳೇ ಪ್ರತಿಗೇ ಹೋಗೋಣ," ಎಂದರು ಕಲಾವತಿ. ಹಾಗೆಂದರೆ ದೊರೆಯೂ ಬದಲು ಎಂದು ಎಲ್ಲರಿಗೂ ಗೊತ್ತಿತ್ತು. ರುದ್ರಪ್ಪನವರು ಶಾಲು ಮಡಚತೊಡಗಿದರು.

ಮಧು ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದ. ಸಾಫ್ಟ್‌ವೇರಿನವನು ನಾನು. "ಸಾಲು ಮುರೀಬೇಕು, ನಂಬರ್ ಬರಬಾರ್ದು. ಆಗತ್ತೇನೋ?"

"ಶಿಫ್ಟ್ ಒತ್ಕೊಂಡು ಎಂಟರ್ ಹೊಡಿ."

ಹೊಡೆದ. ಹೊಸ ಸಾಲು ಮೇಲಿನದರ ನೇರಕ್ಕೇ ಬಂದು ನಿಂತಿತು. ಸಂಖ್ಯೆ ಇಲ್ಲ.

"ಇಷ್ಟೇನಾ! ಇದನ್ನ ಇಟ್ಕೊಂಡು ಬಾಯ್ ಮುಚ್ಕೊಂಡು ಕೂತಿದ್ಯಲ್ಲೋ, ಕಳ್ಳ!"

ಅವನು ಮುರಿದಿದ್ದ ಸಾಲುಗಳನ್ನೆಲ್ಲ ನಾನೇ ಒಂದೇ ಏಟಿಗೆ ಬದಲಿಸಿಕೊಡುತ್ತೇನೆಂದೆ. ಒಪ್ಪಲಿಲ್ಲ. "ಹೋದ ವಾರದ ಉಸಿರೇ ಬೇರೆ, ಈಗ ಸ್ವಲ್ಪ ಉದ್ದ ಆಗಿದೆ," ಎಂದು ಮತ್ತೆ ಬೇಸ್‌ಮೆಂಟಿಗೆ ಹೋಗಿ ಮೊದಲಿನಿಂದ ಕೂತ.

ನಾಟಕದ ದಿನ ತೆರೆಯ ಹಿಂದೆ ಅವನ ಪಕ್ಕದಲ್ಲಿದ್ದೆ. ಕೈಯಲ್ಲಿ ಪ್ರತಿ ಇದ್ದರೂ ಅವನು ನೋಡಲಿಲ್ಲ. ರುದ್ರಪ್ಪನವರು ಸಾಲಿನ ಕೊನೆಗೆ ನಿಂತಾಗ ಇವನೂ ಉಸಿರೆಳೆದುಕೊಳ್ಳುತ್ತಿದ್ದ. ಆ ಮೌನಗಳನ್ನು ಸಭೆ ದೊರೆಯ ದುಃಖವೆಂದೇ ತಿಳಿಯಿತು. ಕೊನೆಯ ಮಾತು ಮುಗಿದ ಮೇಲೆಯೇ ದೀಪ ಆರಿತು.

ಬೆವರು ಒರೆಸುತ್ತ ಒಳಗೆ ಬಂದ ರುದ್ರಪ್ಪನವರು, "ಮಧೂ, ಮುಂದಿನ ವರ್ಷ ಇದಕಿಂತ ಉದ್ದನ್ನ ಮಾತ ಬೇಕು ನೋಡಪಾ," ಎಂದರು. ಮಧು ನಕ್ಕ ನಗು ಈಗಲೂ ಕಣ್ಣಿಗೆ ಕಟ್ಟಿದೆ.

ಈ ವರ್ಷದ ನಾಟಕದಲ್ಲಿ ಅವರಿಗೆ ಉದ್ದನೆಯ ಮಾತೇ ಬಂದಿದೆ. ಈಗ ಬೇಸ್‌ಮೆಂಟಿನಲ್ಲಿ ಕೂರುವವನು ನಾನು. ನಿನ್ನೆ ಅವರು ಸಾಲು ಮುಗಿಸುವ ಮೊದಲೇ ಎಂಟರ್ ಒತ್ತಿಬಿಟ್ಟೆ.

"ಗಡಿಬಿಡಿ ಮಾಡಬ್ಯಾಡ್ರಿ," ಎಂದರು. "ಮಧು ಕಾಯ್ತಿದ್ದ."

ಕೀಲಿಮಣೆಯಿಂದ ಕೈ ತೆಗೆದು ಕಾದೆ. ಅವರು ಉಸಿರೆಳೆದುಕೊಂಡು ಮುಂದಿನ ಸಾಲು ಹೇಳಿದರು.