ಆಮ್ರಪಾಲಿ ಸುತ್ತಿದ ಹಗ್ಗ

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಆಮ್ರಪಾಲಿಯ ಮೋಟರ್ ವೈಂಡಿಂಗ್ ಅಂಗಡಿಯಿದೆ. ಸುಟ್ಟ ಮೋಟರ್ ಹೊತ್ತು ಬಂದ ಹೊಸಬರು ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುವುದುಂಟು. ಆಕೆ ಕೈಲಿದ್ದ ತಂತಿಯಿಂದ ಕಣ್ಣೆತ್ತದೆ, "ನಾನೇ ಇದ್ದೇನಿ. ಕೆಳಗ ಇಡ್ರಿ," ಎನ್ನುತ್ತಾಳೆ.

ಆಕೆಯ ತವರು ಡಾಬಕಾ. ಐಟಿಐ ಮುಗಿಸಿ ಔರಾದದ ಶಿವರಾಜಪ್ಪನವರ ಅಂಗಡಿಗೆ ಸೇರಿದಾಗ, ಮೊದಲ ಎರಡು ತಿಂಗಳು ಅವರು ಸುಟ್ಟ ತಂತಿ ಕೀಳುವ ಕೆಲಸವನ್ನಷ್ಟೇ ಕೊಟ್ಟಿದ್ದರು. ಒಂದು ದಿನ ಅವರು ಬೀದರಿಗೆ ಹೋದದ್ದೇ ತಡ, ಆಮ್ರಪಾಲಿ ಒಬ್ಬಳೇ ಕೂತು ಒಂದು ಮೋಟರಿಗೆ ಪೂರ್ತಿ ಹೊಸ ತಂತಿ ಸುತ್ತಿ ಮುಗಿಸಿದಳು. ಸಂಜೆ ಶಿವರಾಜಪ್ಪ ಅದನ್ನು ಓಡಿಸಿ ನೋಡಿದರು, ಕಿವಿಯಿಟ್ಟು ಕೇಳಿದರು. ಮತ್ತೊಂದು ಮೋಟರನ್ನು ಆಕೆಯ ಕಡೆ ಸರಿಸಿದರು. ಇದು ಇಪ್ಪತ್ತು ವರ್ಷದ ಹಿಂದಿನ ಮಾತು.

ಹೋದ ವರ್ಷ ಫೆಬ್ರವರಿಯಲ್ಲಿ ಹಲಬರ್ಗಾದ ವಿಶ್ವಾಸ ತಮ್ಮ ಹೊಲದ ಪಂಪಿನ ಮೋಟರ್ ತಂದರು. ನೌಕಾಪಡೆಯಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮುಂಬೈಯಿಂದ ಹಳೆಯದೊಂದು ಹಾಯಿದೋಣಿಯನ್ನು ಲಾರಿಯಲ್ಲಿ ತರಿಸಿ ಕಾರಂಜಾ ಜಲಾಶಯದ ಹಿನ್ನೀರಿಗೆ ಇಳಿಸಿದ್ದರು. ಮೋಟರ್ ಕೊಟ್ಟ ಮೇಲೂ ಅವರು ಎದ್ದು ಹೋಗಲಿಲ್ಲ. ಆಕೆಯ ಬೆರಳುಗಳು ತಂತಿಯನ್ನು ಒಂದರ ಪಕ್ಕ ಒಂದು ಕೂರಿಸುವುದನ್ನೇ ನೋಡುತ್ತ ಕುಳಿತರು.

"ತಂಗಿ, ಹಗ್ಗಾನೂ ಹಿಂಗ ಸುತ್ತಾಕ ಬರ್ತದೇನು ನಿನಗ?"

"ಯಾವ ಹಗ್ಗ ರಿ, ಕಾಕಾ?"

ವಿಶ್ವಾಸ ಹೇಳಿದರು. ದೋಣಿಯ ಮುಂದಿನ ಹಾಯಿಯನ್ನು ಮಡಚಿಡುವುದಿಲ್ಲ. ಚಾಪೆ ಸುರುಳಿ ಸುತ್ತಿದ ಹಾಗೆ ಒಂದು ಉಕ್ಕಿನ ತಂತಿಯ ಸುತ್ತ ಸುತ್ತಿಡುತ್ತಾರೆ. ಬುಡದಲ್ಲಿ ಒಂದು ಡ್ರಮ್ಮು. ಹಾಯಿ ಬಿಚ್ಚಿಕೊಂಡಾಗ ಡ್ರಮ್ಮಿನ ಮೇಲೆ ಹಗ್ಗ ಸುತ್ತಿಕೊಳ್ಳುತ್ತದೆ. ಆ ಹಗ್ಗವನ್ನು ಹಿಂದೆ ಕೂತು ಎಳೆದರೆ ಹಾಯಿ ಸುತ್ತಿಕೊಳ್ಳಬೇಕು. ಹಿಂದಿನ ವಾರ ಜೋರು ಗಾಳಿಗೆ ಹಗ್ಗ ಸಿಕ್ಕಿಬಿದ್ದು, ಅರ್ಧ ಬಿಚ್ಚಿದ ಹಾಯಿ ದೋಣಿಯನ್ನು ಎಳೆದೊಯ್ದು ದಂಡೆಯ ಜಾಲಿ ಮುಳ್ಳಿನೊಳಗೆ ತುರುಕಿತ್ತು.

"ಮೂವತ್ತು ವರ್ಷ ನೇವಿಯೊಳಗ ಇದ್ದೆ ಅಂತ ಮಂದಿ ಸಲಾಂ ಹೊಡೀತಾರ. ನಾ ಇಂಜಿನ್ ಖೋಲಿಯಾಗ ಇದ್ದಾಂವ. ಹಾಯಿ ಮುಟ್ಟಿದ್ದೇ ಇಲ್ಲ," ಎಂದರು.

"ಐತ್ವಾರ ಬರ್ತೇನಿ. ನೋಡೇ ಬಿಡಮು," ಎಂದಳು ಆಮ್ರಪಾಲಿ.

ಭಾನುವಾರ ಬೆಳಿಗ್ಗೆ ಆಕೆ ಸ್ಕೂಟಿಯಲ್ಲಿ ಹಿನ್ನೀರಿಗೆ ಹೋದಳು. ಹಾಯಿದೋಣಿಯನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಆದರೆ ಕಣ್ಣು ಹೋದದ್ದು ದೋಣಿಯ ಮೇಲಲ್ಲ, ಡ್ರಮ್ಮಿನ ಮೇಲೆ. ಹಗ್ಗವನ್ನು ಎರಡು ಸಲ ಎಳೆಸಿ ನೋಡಿದಳು.

"ಹಗ್ಗ ಹಾಯೋ ಈ ರಾಟಿ ತಪ್ಪು ಜಾಗಾದಾಗ ಅದ ರಿ. ಹಗ್ಗ ಮ್ಯಾಲಿಂದ ಓರೆ ಬರ್ತದ, ಡ್ರಮ್ಮಿನ ಒಂದೇ ಮೂಲಿಗೆ ಗುಡ್ಡಿ ಬೀಳ್ತದ. ಸೀದಾ ಬರಬೇಕು, ಡ್ರಮ್ಮಿನ ನಡುವಿಗೆ ನೇರ."

ವಿಶ್ವಾಸ ಸ್ಪ್ಯಾನರ್ ತಂದು ರಾಟೆಯನ್ನು ಗೇಣುದ್ದ ಕೆಳಗಿಳಿಸಿ ಬಿಗಿದರು. ಆಮ್ರಪಾಲಿ ಹಾಯಿಯನ್ನು ಕೈಯಿಂದಲೇ ಪೂರ್ತಿ ಸುತ್ತಿದಳು. ನಂತರ ಡ್ರಮ್ಮಿನ ಮೇಲೆ ಹಗ್ಗದ ಐದು ಸುತ್ತು ಹಾಕಿದಳು.

"ಹಾಯಿ ಸುತ್ತಿ ಆದಮ್ಯಾಲೆ ಮತ್ತ ಐದು ಸುತ್ತು ಯಾಕ?"

"ಇವತ್ತು ಗಾಳಿ ಇಲ್ಲ, ಹಾಯಿ ಸಡಿಲ ಸುತ್ತೇದ. ಜೋರು ಗಾಳಿಯಾಗ ಬಿಗಿ ಸುತ್ತಿದ್ರ ಸುತ್ತು ಜಾಸ್ತಿ ಬೇಕಾಗ್ತಾವ. ಹಗ್ಗ ಮುಗಿದ ಹೋದ್ರ ಉಳಿದ ಹಾಯಿ ಹ್ಯಾಂಗ ಒಳಗ ತರ್ತೀರಿ?"

ವಿಶ್ವಾಸ ತಲೆದೂಗಿದರು. ಆಮೇಲೆ ಹಾಯಿಯತ್ತ ನೋಡಿ ನಗತೊಡಗಿದರು. ಹಾಯಿಯ ಅಂಚಿಗೆ ಹೊಲಿದಿದ್ದ ನೀಲಿ ಬಟ್ಟೆ ಸುರುಳಿಯ ಹೊರಗಿದ್ದು ಬಿಸಿಲು ತಡೆಯಬೇಕಿತ್ತು. ಆಮ್ರಪಾಲಿ ತಿರುವುಮುರುವು ಸುತ್ತಿದ್ದರಿಂದ ಅದು ಒಳಗೆ ಸೇರಿ, ಬಿಳಿ ಹಾಯಿ ಬಿಸಿಲಿಗೆ ಬಿದ್ದಿತ್ತು.

"ಇದು ನನ್ನ ತಪ್ಪು ರಿ," ಎಂದು ಆಕೆಯೂ ನಕ್ಕಳು. ಹಾಯಿ, ಹಗ್ಗ ಎರಡನ್ನೂ ಬಿಚ್ಚಿ, ಇನ್ನೊಂದು ದಿಕ್ಕಿಗೆ ಮೊದಲಿನಿಂದ ಸುತ್ತಿದಳು. ಅರ್ಧ ಗಂಟೆ ಹಿಡಿಯಿತು.

ಲೈಫ್ ಜಾಕೆಟ್ ತೊಟ್ಟು ಇಬ್ಬರೂ ದೋಣಿಯಲ್ಲಿ ಹೊರಟರು. ಗಾಳಿ ಬೀಸಿ ಬರುವ ಕಡೆಗೆ ದೋಣಿಯ ಮೂತಿ ತಿರುಗಿಸಿ ವಿಶ್ವಾಸ ಮುಂದಿನ ಹಾಯಿ ಬಿಚ್ಚಲು ಹೊರಟರು.

"ತಡೀರಿ, ಒಮ್ಮೆಲೇ ಬಿಡಬ್ಯಾಡ್ರಿ! ಡ್ರಮ್ಮು ಬುಗುರಿ ಆಗ್ತದ. ಸಡಿಲ ಸುತ್ತಿದ ಹಗ್ಗ ಒಂದರಾಗ ಒಂದು ಕಚ್ಚಿಕೊಂತದ," ಎಂದು ಆಕೆ ಹಗ್ಗವನ್ನು ಬೆರಳುಗಳ ನಡುವೆ ಹಗುರಾಗಿ ಹಿಡಿದಳು. ಹಾಯಿ ಬಿಚ್ಚುತ್ತ ಹೋದಂತೆ ಹಗ್ಗ ಆಕೆಯ ಕೈಯಿಂದ ಜಾರಿ ಡ್ರಮ್ಮಿನ ಮೇಲೆ ಬಿಗಿಯಾಗಿ ಕೂರುತ್ತ ಹೋಯಿತು.

ಹಿನ್ನೀರಿನ ನಡುವೆ ಗಾಳಿ ಏಕಾಏಕಿ ಜೋರಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ನೀರು ಅಂಚಿನವರೆಗೂ ಬಂತು. ಈಜು ಬಾರದ ಆಮ್ರಪಾಲಿ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಹಾಯಿ ಸಡಿಲು ಬಿಟ್ಟೆ! ಡ್ರಮ್ಮಿನ ಹಗ್ಗ ಎಳಿ, ತಂಗಿ!" ಎಂದು ವಿಶ್ವಾಸ ಕೂಗಿದರು.

ಆಕೆ ಕಾಲೂರಿ ಎಳೆದಳು. ಪಟಪಟ ಬಡಿದುಕೊಳ್ಳುತ್ತಿದ್ದ ಹಾಯಿ ಎಲ್ಲೂ ತಡೆಯದೆ ಸುರುಳಿಯಾಗುತ್ತ ಬಂದು ನೀಲಿ ಕಂಬದಂತೆ ನಿಂತಿತು. ದೋಣಿ ನೆಟ್ಟಗಾಯಿತು. ಡ್ರಮ್ಮಿನ ಮೇಲೆ ಇನ್ನೂ ಎರಡು ಸುತ್ತು ಉಳಿದಿದ್ದವು.

"ಅಂಜಿದೇನು?"

"ನೀರಿಗೆ ಅಂಜಿದೆ ರಿ. ಹಗ್ಗದ ಮ್ಯಾಲೆ ಖಾತ್ರಿ ಇತ್ತು," ಎಂದಳು. ಹಗ್ಗವನ್ನು ಬಿಗಿದು ಕಟ್ಟಿ, "ಆ ಚುಕ್ಕಾಣಿ ಜರಾ ನನ್ನ ಕೈಗೆ ಕೊಡ್ರಿ," ಎಂದು ಸರಿದು ಕುಳಿತಳು.

ಆಮೇಲೆ ಬಹುತೇಕ ಭಾನುವಾರ ಆಕೆ ಹಿನ್ನೀರಿಗೆ ಹೋದಳು. ದಂಡೆಯ ಬಳಿ ಈಜು ಕಲಿತಳು. ಮಳೆಗಾಲ ಕಳೆದು ನೀರು ತುಂಬಿ ನಿಂತಾಗ, ಡಾಬಕಾದಿಂದ ಬಂದ ತಾಯಿ ಶಾಲುಬಾಯಿಯನ್ನು ದೋಣಿ ಹತ್ತಿಸಿದಳು. ಶಾಲುಬಾಯಿ ಸೆರಗು ಬಿಗಿದು, ಎರಡೂ ಕೈಯಿಂದ ಅಂಚು ಹಿಡಿದು ಕುಳಿತಿದ್ದರು. ಮಗಳು ಹಾಯಿ ಬಿಚ್ಚಿ ದೋಣಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಶಾಲುಬಾಯಿ ಒಂದು ಕೈ ಬಿಟ್ಟು ಎದುರಿನ ದಂಡೆಗೆ ಬೆರಳು ಮಾಡಿದರು.

"ಅಲ್ಲಿತನಕ ಹೋಗ್ತದೇನು?"

"ಹೋಗ್ತದವ್ವಾ."

"ಮತ್ತ ನಡಿ."