ಅಕ್ಕನ ದನಿ ಇಳಿಸಿದ ಭಾವ

ನಮ್ಮ ಮನೆಯ ಸ್ಟುಡಿಯೋಗೆ ನಾವು ತೆತ್ತ ಬೆಲೆ ನನ್ನ ಅಕ್ಕನ ಹಾಡು. ಕಂಪ್ಯೂಟರ್, ಮೈಕು, ಸೌಂಡ್ ಕಾರ್ಡು, ಎಲ್ಲವನ್ನೂ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದವನು ನಾನು. ಇದೊಂದರಲ್ಲಿ ನನ್ನ ಚೌಕಾಸಿ ನಡೆಯಲಿಲ್ಲ. ಕಾರಣ ಬಹಳ ಸಣ್ಣದು. ತನ್ನ ದನಿಗಿಂತ ಹೆಂಡತಿಯ ದನಿ ಮೇಲೆ ನಿಲ್ಲುವುದನ್ನು ಭಾವ ಸಹಿಸುತ್ತಿರಲಿಲ್ಲ.

ಹಾಡು ಕೇಳುವಾಗ ಭಾವ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದರು. ಎಳೆದೆಳೆದು ಅದು ಸದಾ ಕೆಂಪಗೆ, ಬಲಗಿವಿಗಿಂತ ಚೂರು ಜೋತಂತೆ ಕಾಣುತ್ತಿತ್ತು. ದನಿ, ವಾದ್ಯಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸ್ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ನಿಲ್ಲುವರು. ಕುಕ್ಕರ್ ಕೂಗುತ್ತಿರಬೇಕು, ನಲ್ಲಿ ಸುರಿಯುತ್ತಿರಬೇಕು. "ಇಲ್ಲಿ ಕೇಳಿಸಿದ್ರೆ ಹಾಡು ಕಣೋ, ಇಲ್ದಿದ್ರೆ ಬರೀ ಸದ್ದು" ಅನ್ನುವರು. ಅಂಗಡಿಗೆ ಮಾತ್ರ ಅವರನ್ನು ಕರೆದೊಯ್ಯುವ ಹಾಗಿರಲಿಲ್ಲ. ಮೈಕ್ ಕಂಡೊಡನೆ "ಆಹಾ, ಎಂಥಾ ಮಾಲು!" ಅಂದುಬಿಡುವರು, ಅಂಗಡಿಯವನು ಮತ್ತೆ ಇಳಿಯುತ್ತಾನೆಯೇ? ಆಮೇಲಾಮೇಲೆ ಅವರನ್ನು ಕಾಫಿ ಕುಡಿಯಲು ಕಳಿಸಿ ನಾನೇ ಮಾತಾಡುತ್ತಿದ್ದೆ.

ಅಕ್ಕ-ಭಾವ ಮದುವೆ ರಿಸೆಪ್ಷನ್‌ಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಜೋಡಿಯಾಗಿ ಹಾಡುತ್ತಿದ್ದರು. ಕ್ಯಾಸೆಟ್ ಹೋಗಿ ಸೀಡಿ ಬಂದ ಕಾಲ. ಚಾಮರಾಜಪೇಟೆಯ ಮಹಡಿ ಮನೆಯ ಒಂದು ಕೋಣೆಯಲ್ಲಿ ಗೋಡೆಗೆ ಹಳೇ ಹಾಸಿಗೆ ಒರಗಿಸಿ ನಮ್ಮದೇ ರೆಕಾರ್ಡಿಂಗ್ ಶುರು ಮಾಡಿದೆವು. ಕೆಲಸ ಕಲಿಸಿದ್ದು ಭಾವನೇ. ಪರದೆಯ ಮೇಲೆ ಪ್ರತಿ ದನಿಗೂ ಒಂದೊಂದು ಪಟ್ಟಿ, ಅದೇ ಟ್ರ್ಯಾಕು. ಅದರ ಮೇಲೊಂದು ಗೆರೆ. ಗೆರೆಯಲ್ಲಿ ಚುಕ್ಕಿ ಇಟ್ಟು ಮೇಲಕ್ಕೆಳೆದರೆ ಆ ಜಾಗದಲ್ಲಿ ದನಿ ತಾನಾಗಿ ಏರುತ್ತದೆ, ಕೆಳಕ್ಕೆಳೆದರೆ ಇಳಿಯುತ್ತದೆ. "ಇಡೀ ಪಾತ್ರೆಗೆ ಉಪ್ಪು ಸುರೀಬೇಡ. ಯಾವ ತುತ್ತಿಗೆ ಬೇಕೋ ಆ ತುತ್ತಿಗಷ್ಟೇ ಹಾಕು" ಎಂದು ನನ್ನ ಕೈ ಹಿಡಿದು ಚುಕ್ಕಿ ಇಡಿಸಿದವರು ಅವರು. ನಾನು ಇವತ್ತು ಉಣ್ಣುತ್ತಿರುವುದು ಆ ವಿದ್ಯೆಯ ಅನ್ನ. ಇಲ್ಲವೆನ್ನಲಾರೆ.

ಭಾವನೇ ಮಿಕ್ಸ್ ಮಾಡಿದ ಮೊದಲ ಸೀಡಿಯ ಹಾಡು ಕೇಳಿ ಅಕ್ಕ ಕೇಳಿದಳು: "ರೀ, ಚರಣದಲ್ಲಿ ನಾನು ಮೇಲಕ್ಕೆ ಹೋಗಿದ್ದೆ ಅಲ್ವಾ? ಕೇಳಿಸ್ತಾನೇ ಇಲ್ಲ?"

"ದನಿ ಕಟ್ಟಿದೆ ಕಣೇ. ವಯಸ್ಸಾಗ್ತಾ ಬಂತಲ್ಲ. ಇಷ್ಟು ಎತ್ತಿ ಹಿಡಿಯೋ ಹೊತ್ತಿಗೆ ನಂಗೆ ಸಾಕಾಯ್ತು."

ಅವಳು ನಂಬಿದಳು. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಗಂಟಲಿಗೆ ಒಳ್ಳೆಯದೆಂದು ಭಾವನೇ ಜ್ಯೇಷ್ಠಮಧು ತಂದುಕೊಟ್ಟರು. ಅಕ್ಕ ದಿನಾ ಕಷಾಯ ಕಾಯಿಸಿ ಕುಡಿದಳು. ಮೊಸರು ಬಿಟ್ಟಳು. ಮೇಲಿನ ಸ್ವರ ಬಂದಾಗ ತಾನೇ ಹಿಂಜರಿಯತೊಡಗಿದಳು. ಕೊನೆಗೆ ಕಾರ್ಯಕ್ರಮಗಳಿಗೆ "ನೀವೊಬ್ಬರೇ ಹೋಗ್ಬನ್ನಿ" ಅನ್ನುವಷ್ಟಕ್ಕೆ ಬಂತು; ಮನೆಯ ರೆಕಾರ್ಡಿಂಗಿಗೆ ಮಾತ್ರ ಹಾಡುತ್ತಿದ್ದಳು.

ಎರಡನೇ ಸೀಡಿಯ ಕಾಪಿ ತೆಗೆಯಲು ನಾನು ಕೂತಾಗ ಭಾವ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದರು. ಅಕ್ಕನ ಟ್ರ್ಯಾಕಿನ ಗೆರೆ ನೋಡಿದೆ. ಅವಳು ಏರಿದ ಕಡೆಯಲ್ಲೆಲ್ಲ ಗುಂಡಿ. ಅದೇ ಜಾಗಗಳಲ್ಲಿ ಭಾವನ ಗೆರೆಗೆ ದಿಬ್ಬ.

ಕರೆದು ತೋರಿಸಿದೆ. "ಭಾವ, ಏನಿದು?"

"ಬ್ಯಾಲೆನ್ಸ್ ಕಣೋ."

"ತೂಕದಲ್ಲಿ ಹೀಗೆ ಮಾಡಿದ್ರೆ ಮಾರ್ಕೆಟ್ಟಲ್ಲಿ ಒದೀತಾರೆ ಭಾವ."

ಅವರು ನಕ್ಕು ನನ್ನ ಹೆಗಲ ಮೇಲೆ ಕೈಯಿಟ್ಟರು. "ಜನ ಬರೋದು ನನ್ನ ಹಾಡಿಗೆ ಕಣೋ. ಅವಳು ಜೊತೆಗೆ ಹಾಡ್ತಾಳೆ, ಅಷ್ಟೇ." ಆ ಮಾತಿನಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಚುಕ್ಕಿಗಳನ್ನೆಲ್ಲ ಅಳಿಸಿದೆ. ಅಕ್ಕನನ್ನು ಕೂಗಿ ಹೆಡ್‌ಫೋನ್ ಕೊಟ್ಟೆ. ಪೂರ್ತಿ ಹಾಡು ಕೇಳಿದಳು. "ಇದು ಯಾವಾಗ ಹಾಡಿದ್ದೋ?" ಅಂದಳು.

"ಹೋದ ವಾರದ್ದು. ನೀನೇ ಹಾಡಿದ್ದು."

ಅವಳು ಭಾವನ ಕಡೆ ತಿರುಗಿದಳು. "ಜ್ಯೇಷ್ಠಮಧು ನೀವೇ ತಂದುಕೊಡ್ತಿದ್ರಲ್ರೀ."

ಭಾವ ನೆಲದ ಮೇಲಿದ್ದ ಮೈಕಿನ ವೈರನ್ನು ಮೊಣಕೈಗೆ ಸುತ್ತುತ್ತಾ ಕೂತರು.

ಅಕ್ಕ ಮತ್ತೆ ಹಾಡಲಿಲ್ಲ. ನಿನ್ನೊಬ್ಬಳದೇ ಸೀಡಿ ಮಾಡೋಣ ಎಂದು ನಾನು ಎಷ್ಟೋ ಸಲ ಕಾಡಿದೆ. "ಬಾಯಿ ತೆಗೆದ್ರೆ ಕಿವಿ ಅವರ ಕಡೆ ಹೋಗತ್ತೆ ಕಣೋ. ಬಿಡು" ಅಂದಳು. ಅದೇ ಮನೆಯಲ್ಲಿ ಅವರಿಗೆ ಹೊತ್ತುಹೊತ್ತಿಗೆ ಊಟ ಬಡಿಸಿದಳು, ಕೊನೆಗೆ ಆಸ್ಪತ್ರೆಯಲ್ಲೂ ಕೂತಳು.

ಭಾವ ಹೋದಾಗ ವೈಕುಂಠ ಸಮಾರಾಧನೆಯ ದಿನ ಯಾರೋ ಮೊದಲ ಸೀಡಿ ಹಾಕಿದರು. ಎಲ್ಲರೂ ಹೊಗಳಿದರು. ಭಾವನ ಆಫೀಸಿನವರೊಬ್ಬರು ಅಕ್ಕನ ಪಕ್ಕದಲ್ಲೇ ಕೂತು, "ಹಿಂದೆ ಒಬ್ಬರು ಹೆಂಗಸು ಹಾಡ್ತಾರಲ್ಲ, ಯಾರಮ್ಮ ಅವರು?" ಅಂದರು. ಅಕ್ಕ "ಯಾರನ್ನೋ ಕರೆಸಿದ್ರು" ಅಂದಳು.

ಹಾಡುವವರಿಗೆ ನನ್ನದೊಂದು ಮಾತು. ಮಿಕ್ಸ್ ಕೇಳಿ ನಿಮ್ಮ ಗಂಟಲನ್ನು ಬೈದುಕೊಳ್ಳಬೇಡಿ. ಮೊದಲು ಗೆರೆ ನೆಟ್ಟಗೆ ಮಾಡಿಸಿ, ನಿಮ್ಮ ಟ್ರ್ಯಾಕ್ ಒಂದನ್ನೇ ಹಾಕಿಸಿ ಕೇಳಿ. ಟೈಮಿಲ್ಲ ಅಂದರೆ ಕಾಯುತ್ತೇನೆ ಅನ್ನಿ. ಅದೆಲ್ಲ ನಿಮಗೆ ಅರ್ಥವಾಗಲ್ಲ ಅಂದರೆ ಎದ್ದು ಬನ್ನಿ. ಮಿಕ್ಸ್ ಮಾಡುವವರು ಮನೆಯವರೇ ಆಗಿದ್ದರಂತೂ ಸಂಕೋಚ ಬಿಟ್ಟು ಮೊದಲನೇ ದಿನವೇ ಕೇಳಿ.